ಬಿಸಿಲಿಗೆ ಬೆಂದ ಮೈಗೆ ಮನೆಯಲ್ಲೇ ಮಾಡಬಹುದಾದ ಉಪಚಾರ

ಕೋಲಾರ ಜಿಲ್ಲೆಯ ನಮಗೆ ನಮ್ಮ ಬಿಸಿಲಿನ ಬಗ್ಗೆ ಒಂದು ಹುಸಿ ಧೈರ್ಯವಿದೆ. ರಾಯಚೂರು, ಕಲಬುರಗಿಗಳ ಬೇಸಿಗೆಯ ಸುದ್ದಿ ಕೇಳಿದಾಗಲೆಲ್ಲ ‘ನಮ್ಮ ಕಡೆ ಪರವಾಗಿಲ್ಲ, ಸಂಜೆಯಾದರೆ ಗಾಳಿ ಬೀಸುತ್ತದೆ’ ಎಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಬಯಲು ನಮ್ಮದು. ಹಾಗಾಗಿ ಕಾವು ಸ್ವಲ್ಪ ಕಡಿಮೆ ಎಂಬುದು ನಿಜ. ಆದರೆ ಚರ್ಮವನ್ನು ಸುಡುವ ಅತಿನೇರಳೆ ಕಿರಣಕ್ಕೂ ಗಾಳಿಯ ತಂಪಿಗೂ ಸಂಬಂಧವಿಲ್ಲ. ಎತ್ತರ ಹೆಚ್ಚಿದಂತೆ ಆ ಕಿರಣವನ್ನು ತಡೆಯುವ ಗಾಳಿಯ ಪದರ ತೆಳುವಾಗುತ್ತ ಹೋಗುವುದರಿಂದ, ಪ್ರತಿ 1000 ಮೀಟರಿಗೆ ಅದರ ತೀವ್ರತೆ ಸುಮಾರು ಶೇ. 10ರಷ್ಟು ಏರುತ್ತದೆ. ಜೊತೆಗೆ ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24-25ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಹೋಗುತ್ತದೆ. ಮಾರ್ಚಿನಿಂದ ಮೇವರೆಗೆ ಮೋಡವಿಲ್ಲದ ಮಧ್ಯಾಹ್ನಗಳಲ್ಲಿ ಇಲ್ಲಿನ ಅತಿನೇರಳೆ ಸೂಚ್ಯಂಕ 11ನ್ನು ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಅದು ಅತಿ ತೀವ್ರ ಎನ್ನುವ ಕೊನೆಯ ಹಂತ. 1478 ಮೀಟರ್ ಎತ್ತರದ ನಂದಿಬೆಟ್ಟದಲ್ಲಿ ತಣ್ಣನೆಯ ಗಾಳಿಗೆ ಮುಖವೊಡ್ಡಿ ಮಧ್ಯಾಹ್ನದವರೆಗೆ ಅಡ್ಡಾಡಿ ಬಂದವರು ಸಂಜೆ ಮೂಗು, ಕೆನ್ನೆ ಉರಿಯುತ್ತಿವೆ ಎಂದು ಹೇಳುವುದು ಇದೇ ಕಾರಣಕ್ಕೆ. ತೆಳುಮೋಡ ಕವಿದಿದ್ದರೂ ಈ ಕಿರಣದ ಬಹುಪಾಲು ಕೆಳಗಿಳಿಯುತ್ತದೆ.

ನಮ್ಮಲ್ಲಿ ಬೇರೂರಿರುವ ಇನ್ನೊಂದು ನಂಬಿಕೆಯೆಂದರೆ, ಬಿಸಿಲಿಗೆ ಚರ್ಮ ಸುಡುವುದು ಬೆಳ್ಳಗಿರುವವರಿಗೆ ಮಾತ್ರ, ನಮ್ಮಂಥವರು ಕರ್ರಗಾಗುತ್ತೇವೆ ಅಷ್ಟೆ ಎಂಬುದು. ಕಂದುಬಣ್ಣದ ಚರ್ಮದಲ್ಲಿರುವ ಮೆಲನಿನ್ ಒಂದಷ್ಟು ರಕ್ಷಣೆ ಕೊಡುತ್ತದೆ, ಪೂರ್ತಿಯಾಗಿ ಅಲ್ಲ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲವಾದ್ದರಿಂದ ಸುಟ್ಟದ್ದು ಗೊತ್ತಾಗದೆ ಹೋಗುತ್ತದೆ. ಅದನ್ನು ಕಣ್ಣಿಗಿಂತ ಕೈಯಿಂದ ಪತ್ತೆಹಚ್ಚುವುದೇ ಸರಿ: ಮುಟ್ಟಿದರೆ ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿರುತ್ತದೆ, ಬಿಗಿದುಕೊಂಡಿರುತ್ತದೆ, ಅಂಗಿಯ ಕಾಲರ್ ತಾಗಿದರೂ ಚುರುಚುರು ಎನ್ನುತ್ತದೆ. ಇನ್ನು ಇದು ತಡವಾಗಿ ಬರುವ ನೋವು. ಬಿಸಿಲಿನಲ್ಲಿ ಇರುವಾಗ ಏನೂ ಅನ್ನಿಸುವುದಿಲ್ಲ. 3ರಿಂದ 6 ಗಂಟೆಗಳ ನಂತರ ಉರಿ ಶುರುವಾಗಿ, 12ರಿಂದ 24 ಗಂಟೆಗಳ ನಡುವೆ ಅತಿಯಾಗುತ್ತದೆ. ಕಿರಣವು ಚರ್ಮದ ಜೀವಕೋಶಗಳ ಡಿ.ಎನ್.ಎ.ಯನ್ನೇ ಕೆಡಿಸಿರುತ್ತದೆ, ದೇಹ ಅದಕ್ಕೆ ಪ್ರತಿಯಾಗಿ ಆ ಭಾಗಕ್ಕೆ ರಕ್ತವನ್ನು ಹೆಚ್ಚಾಗಿ ಹರಿಸುತ್ತದೆ, ಅದರಿಂದಲೇ ಬಿಸಿ, ಬಾವು, ನೋವು. ಆದ ಹಾನಿಯನ್ನು ಯಾವ ಮನೆಮದ್ದೂ ಹಿಂದಕ್ಕೆ ತಿರುಗಿಸುವುದಿಲ್ಲ. ಉರಿಯನ್ನು ತಗ್ಗಿಸುವುದು, ಚರ್ಮದ ತೇವ ಆರದಂತೆ ನೋಡಿಕೊಳ್ಳುವುದು, ಅದು ತಾನಾಗಿ ಮಾಯುವವರೆಗೆ ಇನ್ನಷ್ಟು ಕೆಡದಂತೆ ಕಾಯುವುದು, ಇಷ್ಟು ನಮ್ಮ ಕೈಯಲ್ಲಿದೆ, ಮತ್ತು ಇಷ್ಟನ್ನು ಸರಿಯಾಗಿ ಮಾಡಿದರೆ ಬಹಳ ನೆಮ್ಮದಿ ಸಿಗುತ್ತದೆ.

ನಮ್ಮದು ಟೊಮೆಟೊ ಬೆಳೆಯುವ ಮನೆ. ಅಣ್ಣನ ಮಗ ಪಿ.ಯು. ಪರೀಕ್ಷೆ ಮುಗಿಸಿ ಊರಿಗೆ ಬಂದವನು, ಗಿಡಗಳಿಗೆ ಕೋಲು ನೆಟ್ಟು ದಾರ ಕಟ್ಟುವ ಕೆಲಸಕ್ಕೆ ಬರೀ ಬನಿಯನ್ ತೊಟ್ಟು ಇಳಿದಿದ್ದ. ಬೆನ್ನು ಬಗ್ಗಿಸಿ ಮಾಡುವ ಆ ಕೆಲಸದಲ್ಲಿ ಹೆಗಲೂ ಕತ್ತಿನ ಹಿಂಭಾಗವೂ ನೇರವಾಗಿ ಸೂರ್ಯನಿಗೆ ಒಡ್ಡಿಕೊಂಡಿರುತ್ತವೆ. ಸಾಲಿಗೆ ಹೊದಿಸಿದ ಮಲ್ಚಿಂಗ್ ಶೀಟಿನ ಬೆಳ್ಳಿಬಣ್ಣದ ಮೇಲ್ಮೈ ಬೆಳಕನ್ನು ಮೇಲಕ್ಕೆ ಚಿಮ್ಮಿಸುವುದರಿಂದ ಗಲ್ಲದ ಕೆಳಭಾಗಕ್ಕೂ ಬಿಡುವಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅವನು ಗೋಡೆಗೆ ಒರಗಲಾರದೆ ಮುಂದಕ್ಕೆ ಬಾಗಿ ಕುಳಿತಿದ್ದ. ಹೆಗಲ ಮೇಲೆ ಬನಿಯನ್ನಿನ ಪಟ್ಟಿ ಇದ್ದಷ್ಟು ಅಗಲ ಮೊದಲಿನ ಬಣ್ಣ ಉಳಿದಿತ್ತು, ಅದರ ಎರಡೂ ಬದಿ ಮಾಗಿದ ನೇರಳೆಯ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಅಮ್ಮ ಆಗಲೇ ಹರಳೆಣ್ಣೆಯ ಬಟ್ಟಲು ಹಿಡಿದು ಬಂದಿದ್ದರು. “ಹರಳೆಣ್ಣೆ ತಂಪು ಕಣಪ್ಪ, ಅಲ್ಲಾಡದೆ ಕೂತ್ಕೋ” ಎಂದರು. “ಎಣ್ಣೆ ಆಮೇಲೆ ನೋಡೋಣಮ್ಮ, ಮೊದಲು ಆ ಬಿಸಿ ಇಳೀಲಿ” ಎಂದು ನಾನು ಮಡಕೆಯ ನೀರಿನಲ್ಲಿ ಹಳೆಯ ಹತ್ತಿ ಪಂಚೆಯ ತುಂಡೊಂದನ್ನು ಅದ್ದಿ, ಹಿಂಡದೆ, ಅವನ ಹೆಗಲ ಮೇಲೆ ಹಾಸಿದೆ. ಬಟ್ಟೆ ಬೆಚ್ಚಗಾಗುತ್ತಿದ್ದಂತೆ ತೆಗೆದು ಮತ್ತೆ ಅದ್ದುವುದು. ಹೀಗೆ ಹತ್ತು-ಹದಿನೈದು ನಿಮಿಷ. ಮಲಗುವ ಮುಂಚೆ ಇನ್ನೊಮ್ಮೆ. ಅಮ್ಮನೇ ಆಮೇಲೆ ಬಟ್ಟೆ ಬದಲಿಸುತ್ತ ಕುಳಿತರು.

ನೀರಿನ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಸಾವಿರ ಅಡಿಗೂ ಆಳದ ಕೊಳವೆಬಾವಿಯಿಂದ ಬರುವ ನೀರು ಭೂಮಿಯೊಳಗಿನ ಶಾಖದಿಂದ ಬೆಚ್ಚಗೇ ಇರುತ್ತದೆ. ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರಂತೂ ಮಧ್ಯಾಹ್ನ ಕೈ ಇಡಲಾರದಷ್ಟು ಕಾದಿರುತ್ತದೆ. ಅದನ್ನು ಸುಟ್ಟ ಮೈಮೇಲೆ ಹೊಯ್ದುಕೊಂಡರೆ ಉರಿ ಇಮ್ಮಡಿಯಾಗುತ್ತದೆ. ಮಡಕೆಯ ನೀರು ಅಥವಾ ನೆಲದ ಸಂಪಿನ ನೀರು ಹದವಾದದ್ದು. ಫ್ರಿಜ್ಜಿನ ಐಸನ್ನು ನೇರವಾಗಿ ಒತ್ತುವುದು ಬೇಡ. ಮೊದಲೇ ಪೆಟ್ಟು ತಿಂದ ಚರ್ಮಕ್ಕೆ ಅತಿ ಶೀತವೂ ಇನ್ನೊಂದು ಗಾಯ. ಸ್ನಾನ ಮಾಡುವುದಾದರೆ ತಣ್ಣೀರಿನ ಸ್ನಾನ, ಆ ಭಾಗಕ್ಕೆ ಸೋಪು ಹಾಕದೆ, ಸೀಗೆಪುಡಿ, ಕಡಲೆಹಿಟ್ಟುಗಳಿಂದ ಉಜ್ಜದೆ. ಟವೆಲಿನಿಂದ ಒತ್ತಿ ನೀರು ತೆಗೆಯಬೇಕೇ ಹೊರತು ತಿಕ್ಕಬಾರದು. ಮೈ ಇನ್ನೂ ಅರೆತೇವವಾಗಿರುವಾಗಲೇ ಲೋಳೆಸರವನ್ನೋ ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರನ್ನೋ ಸವರಿದರೆ ಆ ತೇವ ಒಳಗೇ ಉಳಿಯುತ್ತದೆ.

ಲೋಳೆಸರ ಇಂದು ಹೆಚ್ಚಿನ ಮನೆಗಳ ಕುಂಡದಲ್ಲಿದೆ, ಆದರೆ ಅದನ್ನು ಬಳಸುವ ಕ್ರಮದಲ್ಲಿ ಅವಸರ ಕಾಣುತ್ತೇನೆ. ಗಿಡದ ಹೊರಸುತ್ತಿನ ಬಲಿತ, ದಪ್ಪನೆಯ ಎಲೆಯನ್ನು ಬುಡದಿಂದ ಕೊಯ್ಯಬೇಕು. ಕೊಯ್ದ ತುದಿಯಿಂದ ಹಳದಿ ಬಣ್ಣದ ಕಹಿ ರಸ ಒಸರುತ್ತದೆ. ಸಿಪ್ಪೆಯ ಕೆಳಗಿನ ಪದರದಲ್ಲಿರುವ ಅದರಲ್ಲಿ ಅಲೋಯಿನ್ ಎಂಬ ಅಂಶವಿದ್ದು, ಅದು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಆದ್ದರಿಂದ ಎಲೆಯನ್ನು ಒಂದು ಲೋಟದಲ್ಲಿ ಕೊಯ್ದ ಭಾಗ ಕೆಳಗಾಗಿ ಹದಿನೈದು ನಿಮಿಷ ನಿಲ್ಲಿಸಿ, ರಸ ಇಳಿದ ಮೇಲೆ ತೊಳೆದು, ಎರಡೂ ಅಂಚಿನ ಮುಳ್ಳು ಹೆರೆದು, ಸಿಪ್ಪೆ ಸೀಳಿ, ಒಳಗಿನ ಗಾಜಿನಂತಹ ತಿರುಳನ್ನು ಮಾತ್ರ ತೆಗೆದುಕೊಳ್ಳಬೇಕು. ಮೊದಲು ಮುಂಗೈಯ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ, ತುರಿಕೆ ಬಾರದಿದ್ದರೆ ಸುಟ್ಟ ಜಾಗಕ್ಕೆ ತೆಳ್ಳಗೆ ಸವರಿ. ದಿನಕ್ಕೆ ಮೂರು-ನಾಲ್ಕು ಸಲ ಹಚ್ಚಬಹುದು. ತಿರುಳನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ದಿನ ಬಳಸಬಹುದು, ತಂಪಾಗಿರುವುದರಿಂದ ಹಿತವೂ ಹೆಚ್ಚು. ಅಂಗಡಿಯ ಹಸಿರು ಜೆಲ್‌ಗಳಲ್ಲಿ ಸುವಾಸನೆಯೂ ಆಲ್ಕೋಹಾಲೂ ಬೆರೆತಿರಬಹುದಾದ್ದರಿಂದ ಚೀಟಿ ಓದಿ ಕೊಳ್ಳುವುದು ಒಳ್ಳೆಯದು. ನಮ್ಮ ಹೊಲಗಳ ಬೇಲಿಯಲ್ಲಿ ಬೆಳೆಯುವ ಕತ್ತಾಳೆಯನ್ನು ಮಾತ್ರ ಇದರ ಬದಲಿಗೆ ಯಾರೂ ಮುಟ್ಟಬಾರದು. ನೋಡಲು ಲೋಳೆಸರದ ದೊಡ್ಡಣ್ಣನಂತೆ ಇರುವ ಅದರ ರಸದಲ್ಲಿ ಸೂಜಿಯಾಕಾರದ ಆಕ್ಸಲೇಟ್ ಹರಳುಗಳಿದ್ದು, ಒಳ್ಳೆಯ ಚರ್ಮದ ಮೇಲೆ ಬಿದ್ದರೂ ಕೆಂಪೆದ್ದು ಉರಿಯುತ್ತದೆ.

ಲೋಳೆಸರ ಇಲ್ಲದ ಮನೆಯಲ್ಲಿ ತಣ್ಣನೆಯ ಹಾಲಿನಲ್ಲಿ ಅದ್ದಿದ ಬಟ್ಟೆ, ಉಪ್ಪು ಹಾಕದ, ಹುಳಿಯೇರದ ಮೊಸರು, ತುರಿದ ಎಳೆ ಸೌತೆಕಾಯಿ, ಇವುಗಳಲ್ಲಿ ಯಾವುದಾದರೂ ಸರಿ. ಹತ್ತು ನಿಮಿಷ ಇಟ್ಟು ತಣ್ಣೀರಿನಲ್ಲಿ ತೊಳೆದುಬಿಡಬೇಕು. ಇವು ಕೊಡುವುದು ಮುಖ್ಯವಾಗಿ ತಂಪು ಮತ್ತು ತೇವ, ಅದಕ್ಕಿಂತ ದೊಡ್ಡ ಗುಣವನ್ನು ಇವುಗಳಿಗೆ ಹೊರಿಸುವುದು ಬೇಡ. ಚರ್ಮ ಒಡೆದಿದ್ದರೆ ಅಥವಾ ನೀರುಗುಳ್ಳೆ ಎದ್ದಿದ್ದರೆ ಅಡುಗೆಮನೆಯ ಯಾವ ವಸ್ತುವನ್ನೂ ಅಲ್ಲಿಗೆ ತಾಗಿಸಬಾರದು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಕ್ಯಾಲಮೈನ್ ಲೋಷನ್ ಕಡಿಮೆ ಬೆಲೆಯದು, ತುರಿಕೆಗೆ ಒಳ್ಳೆಯದು.

ಹಚ್ಚಬಾರದ ವಸ್ತುಗಳ ವಿಷಯದಲ್ಲಿ ನಾನು ಮನೆಯವರೊಡನೆ ವಾದಕ್ಕೂ ನಿಲ್ಲುತ್ತೇನೆ. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಬೆಣ್ಣೆ, ತುಪ್ಪ ಇವೆಲ್ಲ ತಂಪು ಎಂದು ಕೇಳುತ್ತ ಬೆಳೆದವರು ನಾವು. ನೆತ್ತಿಗೆ ಹಚ್ಚಿಕೊಂಡಾಗ ಹಿತವೆನ್ನಿಸುವುದೂ ಹೌದು. ಆದರೆ ಸುಟ್ಟ ಮೊದಲ ದಿನ ಚರ್ಮದ ಬಿಸಿ ಹೊರಗೆ ಹೋಗಲು ದಾರಿ ಬೇಕು, ಜಿಡ್ಡಿನ ಪದರ ಆ ದಾರಿಯನ್ನು ಮುಚ್ಚುತ್ತದೆ. ಬಿಸಿ ಪೂರ್ತಿ ಇಳಿದು, ಮೂರು-ನಾಲ್ಕು ದಿನ ಕಳೆದು, ಚರ್ಮ ಒಣಗಿ ಸಿಪ್ಪೆ ಏಳತೊಡಗಿದಾಗ ಶುದ್ಧವಾದ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಲು ಅಡ್ಡಿಯಿಲ್ಲ. ಆ ಸಿಪ್ಪೆಯನ್ನು ಕೈಯಿಂದ ಕಿತ್ತು ತೆಗೆಯಬಾರದು. ಟೂತ್‌ಪೇಸ್ಟ್‌ನ ಮಾತೇ ಬೇಡ. ಅರಿಶಿನ ಬಣ್ಣ ಹಿಡಿಸಿ ಕೆಳಗಿನ ಚರ್ಮದ ಸ್ಥಿತಿಯನ್ನೇ ಮರೆಮಾಡುತ್ತದೆ. ಗಂಧ ತೇಯ್ದು ಹಚ್ಚಿದರೆ ಮೊದಲಿಗೆ ತಂಪಾದರೂ ಒಣಗಿದಂತೆ ಬಿಗಿಯುತ್ತದೆ, ಮುಲ್ತಾನಿ ಮಣ್ಣಂತೂ ಇದ್ದ ತೇವವನ್ನೂ ಹೀರುತ್ತದೆ.

ಎಲ್ಲಕ್ಕಿಂತ ಅಪಾಯದ್ದು ನಿಂಬೆಹಣ್ಣು. ಬಿಸಿಲಿಗೆ ಕಪ್ಪಾದದ್ದು ಹೋಗಲಿ ಎಂದು ನಿಂಬೆಹೋಳು ತಿಕ್ಕಿಕೊಂಡು ಮತ್ತೆ ಬಿಸಿಲಿಗೆ ಹೋಗುವವರಿದ್ದಾರೆ, ಹದಿಹರೆಯದ ಹುಡುಗಿಯರು ಅದರಲ್ಲೂ ಹೆಚ್ಚು. ನಿಂಬೆಯ ರಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಸಿಪ್ಪೆಯಲ್ಲಿ, ಫ್ಯೂರೊಕೌಮರಿನ್ ಎಂಬ ವಸ್ತುಗಳಿವೆ. ಚರ್ಮದ ಮೇಲೆ ಅವು ಇದ್ದಾಗ ಸೂರ್ಯನ ಅತಿನೇರಳೆ ಕಿರಣ ಬಿದ್ದರೆ ಅವೆರಡರ ಕೂಡುವಿಕೆಯಿಂದ ಸುಟ್ಟಗಾಯದಂತಹ ಗುಳ್ಳೆಗಳೇಳುತ್ತವೆ, ಅವು ಮಾಯ್ದ ಮೇಲೂ ಕಪ್ಪು ಕಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಪ್ಪು ಹೋಗಲೆಂದು ಹಚ್ಚಿದ್ದೇ ಕಪ್ಪನ್ನು ತರುತ್ತದೆ.

ಕೋಲಾರದಲ್ಲಿ ಕುಳಿತು ಟೊಮೆಟೊ ಬಗ್ಗೆ ಹೇಳದಿರಲಾಗದು. ಹಣ್ಣು ಕೊಯ್ದು ಮುಖಕ್ಕೆ ಉಜ್ಜಿಕೊಳ್ಳುವ ರೂಢಿ ನಮ್ಮಲ್ಲಿದೆ. ಟೊಮೆಟೊ ಹುಳಿಹಣ್ಣು, ಬೆಂದ ಚರ್ಮಕ್ಕೆ ಅದರ ಆಮ್ಲ ಚುರುಗುಟ್ಟುತ್ತದೆ, ಹಾಗಾಗಿ ಹಚ್ಚುವುದು ಬೇಡವೇ ಬೇಡ. ತಿನ್ನುವುದರಲ್ಲಿ ಮಾತ್ರ ಲಾಭವಿದೆ. 2001ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಸಣ್ಣ ಅಧ್ಯಯನದಲ್ಲಿ, ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು ಆಲಿವ್ ಎಣ್ಣೆಯೊಡನೆ 10 ವಾರ ತಿಂದವರಲ್ಲಿ, ತಿನ್ನದವರಿಗಿಂತ ಚರ್ಮ ಕೆಂಪಾಗುವುದು ಸುಮಾರು ಶೇ. 40ರಷ್ಟು ಕಡಿಮೆ ಕಂಡುಬಂತು. ಹಣ್ಣಿಗೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಬೇಯಿಸಿದಾಗ, ಎಣ್ಣೆಯೊಡನೆ ಸೇರಿದಾಗ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಒಗ್ಗರಣೆ ಹಾಕಿದ ನಮ್ಮ ಟೊಮೆಟೊ ಗೊಜ್ಜು ಅದಕ್ಕೆ ಹೇಳಿ ಮಾಡಿಸಿದಂತಿದೆ. ಆದರೂ ಇದು ವಾರಗಳ ಮೇಲೆ ನಿಧಾನವಾಗಿ ಒದಗುವ ಅಲ್ಪ ರಕ್ಷಣೆ. ಗೊಜ್ಜು ತಿಂದೆನೆಂದು ನೆರಳು ಬಿಟ್ಟು ಹೋಗುವಂತಿಲ್ಲ, ಇವತ್ತು ಸುಟ್ಟದ್ದಕ್ಕೆ ಅದು ಮದ್ದೂ ಅಲ್ಲ.

ಸುಟ್ಟ ಚರ್ಮ ದೇಹದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಬೆವರಿನಲ್ಲಿ ಹೋದದ್ದು ಬೇರೆ. ನೀರುಮಜ್ಜಿಗೆ, ರಾಗಿ ಅಂಬಲಿ, ಎಳನೀರು ಯಾವುದಾದರೂ ಆದೀತು. ಮೂತ್ರ ತಿಳಿಬಣ್ಣಕ್ಕೆ ಬರುವವರೆಗೆ ಕುಡಿಯುತ್ತಿರಬೇಕು. ನೋವು ತಡೆಯಲಾಗದಿದ್ದರೆ ಐಬುಪ್ರೊಫೆನ್ ಮಾತ್ರೆ ಬಾವನ್ನೂ ಇಳಿಸುತ್ತದೆ, ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ನೀರಿಲ್ಲದೆ ಬಳಲಿರುವವರು ಅದನ್ನು ವೈದ್ಯರನ್ನು ಕೇಳದೆ ನುಂಗಬಾರದು. ಪ್ಯಾರಾಸಿಟಮಾಲ್ ನೋವನ್ನಷ್ಟೇ ತಗ್ಗಿಸುತ್ತದೆ. ನೀರುಗುಳ್ಳೆಗಳನ್ನು ಸೂಜಿಯಿಂದ ಚುಚ್ಚುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತದೆ, ಅದನ್ನು ನಿಲ್ಲಿಸಬೇಕು. ಆ ಗುಳ್ಳೆಯ ಪೊರೆ ಕೆಳಗಿನ ಹಸಿ ಚರ್ಮಕ್ಕೆ ಸೋಂಕು ತಗಲದಂತೆ ದೇಹವೇ ಹೊದಿಸಿಕೊಂಡ ಹೊದಿಕೆ. ತಾನಾಗಿ ಒಡೆದರೆ ಸೋಪುನೀರಿನಲ್ಲಿ ಮೆಲ್ಲನೆ ತೊಳೆದು, ಪೆಟ್ರೋಲಿಯಂ ಜೆಲ್ಲಿ ಸವರಿ, ಶುಭ್ರವಾದ ಬಟ್ಟೆ ಸಡಿಲವಾಗಿ ಕಟ್ಟಿದರಾಯಿತು.

ಮನೆಯಲ್ಲಿ ಕುಳಿತು ನೋಡಿಕೊಳ್ಳುವಂಥದ್ದಲ್ಲದ ಸ್ಥಿತಿಗಳಿವೆ. ಬೆನ್ನಿನ ತುಂಬ ಅಥವಾ ಮುಖದ ತುಂಬ ಗುಳ್ಳೆ ಎದ್ದರೆ, ಚಳಿಜ್ವರ ಬಂದರೆ, ವಾಂತಿಯಾಗುತ್ತಿದ್ದರೆ, ಗುಳ್ಳೆಯಲ್ಲಿ ಕೀವು ಕಂಡರೆ, ಸುಟ್ಟದ್ದು ವರ್ಷ ತುಂಬದ ಕೂಸಿಗಾದರೆ ವೈದ್ಯರಲ್ಲಿಗೆ ಹೋಗಲೇಬೇಕು. ಮಾತು ತೊದಲಿದರೆ, ಎಲ್ಲಿದ್ದೇನೆಂಬ ಅರಿವು ತಪ್ಪಿದರೆ ಅದು ಬಿಸಿಲಿನ ಆಘಾತ; ನೆರಳಿಗೆ ಸಾಗಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು. ಕೆಲವು ಔಷಧಗಳೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್ ಈ ಜಾತಿಯವು. ಅಂಥ ಮಾತ್ರೆ ತೆಗೆದುಕೊಳ್ಳುವವರು ಸ್ವಲ್ಪ ಬಿಸಿಲಿಗೇ ಸುಟ್ಟರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು.

ಬಿಸಿಲಿನದೆಂದು ತಿಳಿದುಕೊಂಡದ್ದು ಬಿಸಿಲಿನದಲ್ಲದಿರುವುದೂ ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ. ಮೇ, ಜೂನ್‌ನಲ್ಲಿ ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಕೀಳುವವರ ಕೆನ್ನೆ, ಕೈಗಳ ಮೇಲೆ ಸಿಡಿದ ಸೊನೆ ಚರ್ಮವನ್ನು ಸುಟ್ಟು ಕಪ್ಪು ಗೀರುಗಳನ್ನು ಮೂಡಿಸುತ್ತದೆ. ಬಿಸಿಲಿನ ಸುಡುವಿಕೆ ಒಡ್ಡಿಕೊಂಡ ಜಾಗವನ್ನೆಲ್ಲ ಒಂದೇ ಸಮನೆ ಹಿಡಿದರೆ, ಸೊನೆಯದು ತೊಟ್ಟಿಕ್ಕಿದ, ಹರಿದ ಗುರುತಿನಲ್ಲಿಯೇ ಇರುತ್ತದೆ. ಅದನ್ನು ತಕ್ಷಣ ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆಯಬೇಕು. ಇನ್ನೊಂದು ಪಾರ್ಥೇನಿಯಂ, ನಾವೆಲ್ಲ ಕಾಂಗ್ರೆಸ್ ಗಿಡ ಎನ್ನುವ ಕಳೆ. ಅದರ ಒಣಪುಡಿ ಗಾಳಿಯಲ್ಲಿ ಹಾರಿ ಬಂದು ಕೂರುವುದೂ ಮುಖ, ಕತ್ತು, ಮೊಣಕೈ ಮಡಿಕೆಗಳ ಮೇಲೆಯೇ ಆದ್ದರಿಂದ, ಅದರ ಅಲರ್ಜಿ ಇರುವ ಎಷ್ಟೋ ರೈತರು ಬಿಸಿಲಿಗೆ ಆಯಿತೆಂದುಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಬಿಸಿಲಿನ ಉರಿ ವಾರದೊಳಗೆ ಇಳಿಯುತ್ತದೆ, ರೆಪ್ಪೆಗಳನ್ನು ಬಿಟ್ಟುಬಿಡುತ್ತದೆ. ರೆಪ್ಪೆ ಊದಿ, ಚರ್ಮ ದಪ್ಪಗಾಗಿ, ಉರಿಗಿಂತ ತುರಿಕೆಯೇ ಮುಂದಾಗಿ, ಪ್ರತಿ ವರ್ಷ ಮರುಕಳಿಸುತ್ತಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಅದಕ್ಕೆ ಲೋಳೆಸರ ಸಾಲದು.

ಇನ್ನು ಮತ್ತೆ ಸುಡದಂತೆ ಕಾಯುವ ವಿಷಯ. ಹೊಲದ ಕೆಲಸಕ್ಕೆ ಬರುವ ನಮ್ಮ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಳ್ಳುವುದನ್ನು ನೋಡಿ ಪೇಟೆಯವರು ನಗುವುದುಂಟು. ಬಿಸಿಲಿನ ಮಟ್ಟಿಗೆ ಅದಕ್ಕಿಂತ ವಿವೇಕದ ಉಡುಪನ್ನು ನಾನು ಕಂಡಿಲ್ಲ. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲವಾದ ಬಟ್ಟೆ ಕಿರಣವನ್ನು ಚೆನ್ನಾಗಿ ತಡೆಯುತ್ತದೆ. ತೆಳುವಾದ ಬಿಳಿ ಬನಿಯನ್ ಬೆವರಿಗೆ ನೆನೆದರೆ ಅದು ತಡೆಯುವುದು ಇನ್ನೂ ಕಡಿಮೆ. ಕತ್ತಿನ ಹಿಂಭಾಗ ಮುಚ್ಚುವಂತೆ ಟವೆಲಿನ ತುದಿಯನ್ನು ಇಳಿಬಿಡಬೇಕು. ಮುಚ್ಚಲಾಗದ ಮುಖ, ಮುಂಗೈಗಳಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನನ್ನು ಹೊರಡುವ ಹದಿನೈದು-ಇಪ್ಪತ್ತು ನಿಮಿಷ ಮುಂಚೆ ಧಾರಾಳವಾಗಿ ಹಚ್ಚಿ, ಬೆವರುವ ಕೆಲಸದಲ್ಲಿ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆಗಲೇ ಒಮ್ಮೆ ಸುಟ್ಟವರು, ಸಿಪ್ಪೆ ಪೂರ್ತಿ ಉದುರಿ ಹೊಸ ಚರ್ಮ ಬಲಿಯುವವರೆಗೆ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಬಿಸಿಲಿಗೆ ಆ ಜಾಗವನ್ನು ತೋರಿಸಲೇಬಾರದು. ಅಣ್ಣನ ಮಗನಿಗೆ ಆ ದಿನಗಳಲ್ಲಿ ಕೊಟ್ಟಿಗೆಯ ನೆರಳಿನಲ್ಲಿ ಕುಳಿತು ಹಣ್ಣು ವಿಂಗಡಿಸಿ ಕ್ರೇಟಿಗೆ ತುಂಬುವ ಕೆಲಸ ವಹಿಸಿದೆವು.